ಸ್ವಂತ ಕಸುಬಿಗೆ ವಿಮೆ: ಮಲೆನಾಡಿನಲ್ಲಿ ಪಾಲಿಸಿ ಆರಿಸುವ ಕ್ರಮ

ಕಿರಾಣಿ ಅಂಗಡಿ, ಟೈಲರಿಂಗ್, ಫೋಟೊ ಸ್ಟುಡಿಯೊ, ಗ್ಯಾರೇಜು, ಹೋಂಸ್ಟೇ, ಉಪ್ಪಿನಕಾಯಿ ಘಟಕ, ಹೀಗೆ ಸ್ವಂತ ಕಸುಬು ಮಾಡುವವರು ವಿಮೆಯ ಮಾತು ಬಂದಾಗ ಮೊದಲು ಕೇಳುವುದು ‘ಯಾವ ಕಂಪನಿದು ಮಾಡಿಸಲಿ?’ ಎಂದು. ಆ ಪ್ರಶ್ನೆ ಕೊನೆಗಿರಲಿ. ನಷ್ಟವಾದಾಗ ಹಣ ಬರುವುದೂ ಬಾರದಿರುವುದೂ ಹೆಚ್ಚಾಗಿ ತೀರ್ಮಾನವಾಗುವುದು ಪಾಲಿಸಿಯ ಒಂದೇ ಪುಟದಲ್ಲಿ. ಅದರಲ್ಲಿ ಮುಖ್ಯವಾದವು ಐದು ಸಂಗತಿ: ಯಾರ ಹೆಸರು, ಯಾವ ಜಾಗ, ಏನು ಕಸುಬು, ಯಾವ ಮಾಲು, ಎಷ್ಟು ಮೊತ್ತ. ಏಜೆಂಟರು ಇದನ್ನು ಷೆಡ್ಯೂಲ್ ಎನ್ನುತ್ತಾರೆ. ಕಂಪನಿ ಎಷ್ಟೇ ಹೆಸರಾದದ್ದಿರಲಿ, ಈ ಐದರಲ್ಲಿ ಒಂದು ತಪ್ಪಿದ್ದರೂ ಕ್ಲೇಮು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಒಂದು ಘಟಕವನ್ನು ಕಣ್ಣ ಮುಂದೆ ಇಟ್ಟುಕೊಂಡು ಹೋಗೋಣ. ಸಾಗರ ತಾಲ್ಲೂಕಿನ ಒಂದು ಹಳ್ಳಿ. ರಸ್ತೆಯಿಂದ ತುಸು ಒಳಗೆ ಹಂಚಿನ ಮನೆ, ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನ ಹಿಂದೆ ಎರಡಾಳೆತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಒಳಗೆ ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿಯ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವು) ಡ್ರಮ್ಮುಗಳು, ಮಸಾಲೆ ರುಬ್ಬುವ ಯಂತ್ರ, ಬಾಟಲಿ ಸೀಲ್ ಮಾಡುವ ಯಂತ್ರ, ಒಂದು ಫ್ರೀಜರ್. ನಾಲ್ವರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಮಾಲು ಸಾಗಿಸಲು ಒಂದು ಪಿಕಪ್ ಇದೆ. ನಿಮ್ಮ ಕಸುಬು ಬೇರೆಯಿದ್ದರೂ ಲೆಕ್ಕ ಹಾಕುವ ರೀತಿ ಇದೇ.

ಮೊದಲು ಒಂದು ಹಾಳೆ

ಏಜೆಂಟರನ್ನು ಕರೆಯುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಜಾಗವನ್ನು ಒಂದು ಸುತ್ತು ಹಾಕಿ. ಮೂರು ಕಲಂ ಸಾಕು: ಏನು ಹೋಗಬಹುದು, ಅದನ್ನು ಮತ್ತೆ ಕಟ್ಟಿಕೊಳ್ಳಲು ಎಷ್ಟು ಬೇಕು, ಅಷ್ಟನ್ನು ಕೈಯಿಂದ ಹಾಕಿಕೊಳ್ಳಲು ಆಗುತ್ತದೆಯೇ. ಮುಂದಿನ ಗಾಜು ಒಡೆದರೆ ಐದಾರು ಸಾವಿರ. ಅದು ಕೈಯಿಂದಲೇ ಹೋಗಲಿ, ಅದಕ್ಕೆ ಪ್ರೀಮಿಯಂ ಕಟ್ಟಬೇಡಿ. ಧರೆ ಕುಸಿದು ಶೆಡ್ಡಿನ ಮೇಲೆ ಬಿದ್ದರೆ ವರ್ಷದ ದುಡಿಮೆಯೇ ಮಣ್ಣಡಿಗೆ ಹೋಗುತ್ತದೆ. ಅದಕ್ಕೆ ವಿಮೆ ಬೇಕೇ ಬೇಕು. ಬಾಗಿಲು ಮುಚ್ಚಿಸುವಂಥ ನಷ್ಟಕ್ಕೆ ಮೊದಲ ರೂಪಾಯಿ, ಕಿರಿಕಿರಿ ಕೊಡುವ ನಷ್ಟಕ್ಕೆ ಕೊನೆಯ ರೂಪಾಯಿ. ಮಾರಾಟ ಮಾಡುವವರು ಪ್ಯಾಕೇಜಿನ ಹೆಸರಿನಲ್ಲಿ ಇದನ್ನು ತಿರುವುಮುರುವು ಮಾಡುವುದುಂಟು: ಗಾಜು, ಬೋರ್ಡು, ಬ್ಯಾಗೇಜು ಎಲ್ಲ ಸೇರಿಸಿ, ಮಾಲಿನ ಮೊತ್ತವನ್ನು ಮಾತ್ರ ಚಿಕ್ಕದು ಮಾಡಿಬಿಡುತ್ತಾರೆ.

ಹಾಳೆ ತುಂಬುವಾಗ ಊರನ್ನೂ ನೋಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಹೊಳೆಬದಿಯ ಅಂಗಡಿಯವರಿಗೆ ನೆರೆಯೇ ಮೊದಲ ಸಾಲು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಧರೆ ಕುಸಿತ, ಮರ ಬೀಳುವುದು, ಏಪ್ರಿಲ್–ಮೇ ತಿಂಗಳ ಸಿಡಿಲು. ಶಿವಮೊಗ್ಗ, ಭದ್ರಾವತಿ ಪೇಟೆಯಲ್ಲಿ ಕಳವು ಮತ್ತು ಶಾರ್ಟ್ ಸರ್ಕಿಟ್.

ಈಗಾಗಲೇ ಇರುವ ಪಾಲಿಸಿ ನಿಜಕ್ಕೂ ಇದೆಯೇ?

ಬಹಳ ಮಂದಿ ತಮಗೆ ವಿಮೆ ಇದೆ ಎಂದುಕೊಂಡಿರುತ್ತಾರೆ. ಮನೆಗೆ ಮಾಡಿಸಿದ ಪಾಲಿಸಿ ಮನೆಗೆ ಮಾತ್ರ. ಅಟ್ಟದ ಮೇಲೆ ಮಾರಾಟದ ಹಪ್ಪಳ, ಜೇನು, ಸೀರೆ ಇಟ್ಟಿದ್ದರೆ ಆ ವ್ಯಾಪಾರದ ದಾಸ್ತಾನು ಅದರೊಳಗೆ ಬರುವುದಿಲ್ಲ. ಎಲ್‌ಐಸಿ ಜೀವ ವಿಮೆ ಕೊಡುವ ಸಂಸ್ಥೆ. ಅಂಗಡಿ, ಯಂತ್ರಕ್ಕೆ ಬೇಕಾದ್ದು ಸಾಮಾನ್ಯ ವಿಮೆ. ತೋಟದವರು ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆ ಮಳೆ, ಉಷ್ಣಾಂಶದ ಲೆಕ್ಕದ ಮೇಲೆ ನಡೆಯುತ್ತದೆ. ಕೊನೆ (ಅಡಿಕೆ ಗೊಂಚಲು) ಇಳಿಸಿ ಸುಲಿದು ಶೆಡ್ಡಿಗೆ ತಂದ ಅಡಿಕೆಗೆ ಅದು ಅನ್ವಯಿಸುವುದಿಲ್ಲ.

ಬ್ಯಾಂಕಿನಿಂದ ಮುದ್ರಾ ಅಥವಾ ಓಡಿ (ಓವರ್‌ಡ್ರಾಫ್ಟ್) ಸಾಲ ಪಡೆದಿದ್ದರೆ ಬ್ಯಾಂಕೇ ವಿಮೆ ಮಾಡಿಸಿ, ಪ್ರೀಮಿಯಂ ನಿಮ್ಮ ಖಾತೆಯಿಂದ ಕಡಿದಿರುತ್ತದೆ. ಪಾಸ್‌ಬುಕ್ಕಿನಲ್ಲಿ ಆ ಸಾಲು ಕಂಡರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಬ್ಯಾಂಕಿಗೆ ಹೋಗಿ ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಅಂಗಡಿ ಬದಲಾಯಿಸಿದ್ದರೂ ಹಳೆಯ ವಿಳಾಸವೇ ಇರುತ್ತದೆ. ಎರಡು, ಮೊತ್ತ ಸಾಲದಷ್ಟಿರುತ್ತದೆ, ಮಾಲಿನಷ್ಟಲ್ಲ. ಮೂರು, ಮಾಲಿನ ವಿವರಣೆ ಯಾರದೋ ಫೈಲಿನಿಂದ ಇಳಿದಿರುತ್ತದೆ. ಉಪ್ಪಿನಕಾಯಿ ಘಟಕಕ್ಕೆ ‘ಬಟ್ಟೆ ದಾಸ್ತಾನು’ ಎಂದು ಬರೆದಿದ್ದರೂ ಯಾರೂ ಗಮನಿಸಿರುವುದಿಲ್ಲ. ಇವನ್ನು ಪತ್ರ ಕೊಟ್ಟು ತಿದ್ದಿಸಬಹುದು. ತಿದ್ದುಪಡಿಯ ಆ ಕಾಗದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ, ಅದು ಕೈಗೆ ಸಿಗುವವರೆಗೂ ಬೆನ್ನು ಹತ್ತಬೇಕು. ಸಾಲದ ಪಾಲಿಸಿಯಲ್ಲಿ ಕ್ಲೇಮಿನ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ ಎಂಬುದೂ ನೆನಪಿರಲಿ.

ಬುನಾದಿಯ ಪಾಲಿಸಿ

2021ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಗೆಂದೇ ಒಂದು ಏಕರೂಪದ ಪಾಲಿಸಿ ಬಂದಿದೆ: ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಒಂದು ಜಾಗದಲ್ಲಿರುವ ಕಟ್ಟಡ, ಯಂತ್ರ, ದಾಸ್ತಾನಿನ ಒಟ್ಟು ಮೌಲ್ಯ ₹5 ಕೋಟಿ ಒಳಗಿದ್ದರೆ ಇದೇ ನಿಮ್ಮದು. (₹5 ಕೋಟಿಯಿಂದ ₹50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ.) ಮೂಲ ನಿಯಮಗಳು ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಒಂದೇ, ಆದ್ದರಿಂದ ಇಲ್ಲಿ ಕಂಪನಿಗಳನ್ನು ಪ್ರೀಮಿಯಂ ಮತ್ತು ಸೇವೆಯ ಮೇಲೆ ಧಾರಾಳವಾಗಿ ಹೋಲಿಸಬಹುದು. ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. ಹೋಲಿಸುವಾಗ ಎಲ್ಲರದೂ ತೆರಿಗೆ ಸೇರಿದ ಮೊತ್ತವೇ ಎಂದು ನೋಡಿಕೊಳ್ಳಿ.

ಇದರೊಳಗೆ ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಕಾಡ್ಗಿಚ್ಚು, ಗಲಭೆ, ವಾಹನ ಬಂದು ಗುದ್ದುವುದು, ಮರ ಬೀಳುವುದು, ನೀರಿನ ಟ್ಯಾಂಕು ಒಡೆಯುವುದು ಬರುತ್ತವೆ. ಇಂಥ ಅನಾಹುತವಾದ ಏಳು ದಿನದೊಳಗೆ ಅದರ ಸಂದಿಯಲ್ಲಿ ಕಳವಾದರೆ ಅದೂ ಸೇರುತ್ತದೆ. ಮಲೆನಾಡಿಗೆ ಬೇಕಾದ ಬಹುಪಾಲು ಇಲ್ಲಿದೆ.

ಆದರೆ ನಮ್ಮ ಊರಿನಲ್ಲಿ ಕಾಲು ಜಾರುವುದು ಈ ಪಟ್ಟಿಯ ಅಂಚಿನಲ್ಲೇ. ಕೆಲವನ್ನು ಬಿಡಿಸಿ ಹೇಳಬೇಕು.

ಧರೆ ಕುಸಿತ ಒಳಗಿದೆ, ಹೊಳೆ ಕೊರೆತ ಹೊರಗಿದೆ. ಹೊಸದಾಗಿ ತುಂಬಿಸಿದ ಮಣ್ಣು ಕುಸಿದು ಗೋಡೆ ಬಿರುಕು ಬಿಟ್ಟರೂ ಹೊರಗೆ. ಅದಕ್ಕಿಂತ ಮುಖ್ಯವಾದದ್ದು, ಅಗೆತದಿಂದಾದ ಕುಸಿತ ಹೊರಗೆ. ಬೇಸಿಗೆಯಲ್ಲಿ ಶೆಡ್ಡು ಹಿಗ್ಗಿಸಲು ಜೆಸಿಬಿ ತರಿಸಿ ಧರೆಯನ್ನು ನೇರ ಕಡಿಸಿ, ಆರಿದ್ರಾ ಮಳೆಗೆ ಅದು ಜಾರಿದರೆ ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಮೊದಲು ನೋಡುವುದು ಆ ಹಸಿ ಕಡಿತವನ್ನೇ. ಧರೆ ಕಡಿಸಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಮೇಲಿಂದ ನೀರು ತಿರುಗಿಸುವ ಕಾಲುವೆ ತೆಗೆಸಿ, ಫೋಟೊ ಇಟ್ಟುಕೊಳ್ಳಿ. ಕುಸಿದ ಮಣ್ಣು, ಅವಶೇಷ ತೆಗೆಸುವ ಖರ್ಚಿಗೆ ಪಾಲಿಸಿ ಕೊಡುವುದು ಕ್ಲೇಮಿನ ಶೇ 2ರವರೆಗೆ ಮಾತ್ರ. ಬೆಟ್ಟದ ಬುಡದಲ್ಲಿರುವವರಿಗೆ ಅದು ಸಾಲದು, ಹೆಚ್ಚಿಸಿಕೊಡುತ್ತಾರೆಯೇ ಎಂದು ಕೇಳಿ.

ನೆರೆ ಒಳಗೆ, ಸೋರಿಕೆ ಹೊರಗೆ. ಹಂಚು ಸರಿದು ಹದಿನೈದು ದಿನ ಹನಿ ಬಿದ್ದು ಅಕ್ಕಿ ಮೂಟೆ ಬೂಷ್ಟು ಹಿಡಿದರೆ ಅದು ದಿನದಿಂದ ದಿನಕ್ಕೆ ಆದ ಹಾನಿ, ದಿಢೀರ್ ಅನಾಹುತವಲ್ಲ. ಜಡಿಮಳೆಯ ತೇವ ಹೀರಿ ಹಾಳಾದ ಮಾಲಿಗೆ ಈ ಪಾಲಿಸಿಯಲ್ಲಿ ಹಣವಿಲ್ಲ. ಮೇ ತಿಂಗಳಲ್ಲಿ ಹಂಚು ಕೈಯಾಡಿಸಿ ಮಾಲನ್ನು ಹಲಗೆಯ ಮೇಲೆ ಎತ್ತಿಡುವುದೇ ಅದಕ್ಕೆ ವಿಮೆ.

ಸಿಡಿಲಿನ ವಿಷಯ ಇನ್ನೂ ಸೂಕ್ಷ್ಮ. ಸಿಡಿಲು ಕಟ್ಟಡಕ್ಕೆ ಬಡಿದು ಬೆಂಕಿ ಹತ್ತಿದರೆ ಪಾಲಿಸಿ ಕೊಡುತ್ತದೆ. ಆದರೆ ಮೆಸ್ಕಾಂ ತಂತಿಯಲ್ಲಿ ವೋಲ್ಟೇಜ್ ಏರಿ ಫ್ರೀಜರಿನ ಕಂಪ್ರೆಸರ್ ಸುಟ್ಟರೆ, ಶಾರ್ಟ್ ಸರ್ಕಿಟ್‌ನಿಂದ ಮೋಟರು ಸುಟ್ಟರೆ, ಆ ಒಂದು ಯಂತ್ರಕ್ಕೆ ಹಣವಿಲ್ಲ, ಕಾರಣ ಸಿಡಿಲೇ ಆಗಿದ್ದರೂ. ಅದೇ ಯಂತ್ರದಿಂದ ಬೆಂಕಿ ಹರಡಿ ಸುತ್ತಲಿನ ಮಾಲು ಸುಟ್ಟರೆ ಆ ಮಾಲಿಗೆ ಇದೆ. ಆದ್ದರಿಂದ ಕಂಪ್ಯೂಟರ್, ಝೆರಾಕ್ಸ್, ಫ್ಲೆಕ್ಸ್ ಪ್ರಿಂಟರ್, ಎಂಬ್ರಾಯ್ಡರಿ ಯಂತ್ರ ಇಟ್ಟುಕೊಂಡವರು ಎಲೆಕ್ಟ್ರಾನಿಕ್ ಉಪಕರಣದ ವಿಮೆ ಅಥವಾ ಯಂತ್ರ ಕೆಡುವ ವಿಮೆಯನ್ನು ಬೇರೆಯಾಗಿ ಸೇರಿಸಬೇಕು. ಹಳೆಯ, ಅಗ್ಗದ ಯಂತ್ರಕ್ಕೆ ಇದು ಬೇಡ. ಒಳ್ಳೆಯ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್, ಮೋಡ ಕಟ್ಟಿದಾಗ ಪ್ಲಗ್ ತೆಗೆಯುವ ಅಭ್ಯಾಸ ಸಾಕು.

ಅಡಿಕೆ ಡ್ರೈಯರ್, ಏಲಕ್ಕಿ ಗೂಡು ಇರುವವರು ಒಂದು ವಾಕ್ಯ ಹುಡುಕಲೇಬೇಕು. ಕೆಲವು ಬೆಂಕಿ ಪಾಲಿಸಿಗಳಲ್ಲಿ ‘ಬಿಸಿ ಮಾಡುವ ಅಥವಾ ಒಣಗಿಸುವ ಕ್ರಿಯೆಯಲ್ಲಿದ್ದ ಸರಕಿಗೆ ರಕ್ಷಣೆ ಇಲ್ಲ’ ಎಂದಿರುತ್ತದೆ. ನಿಮ್ಮ ನಷ್ಟ ಆಗುವುದೇ ಡ್ರೈಯರಿನೊಳಗೆ ಎಂದಾದರೆ ಆ ಪಾಲಿಸಿ ಕಾಗದ ಮಾತ್ರ. ಸಾಗರ, ಸೊರಬದ ಗುಡಿಗಾರರಂತೆ ಗಂಧದ ಕೆತ್ತನೆ ಮಾಡುವವರು ಕಲಾಕೃತಿ ಎಂದು ಷೆಡ್ಯೂಲಿನಲ್ಲಿ ಸ್ಪಷ್ಟವಾಗಿ, ಮೊತ್ತ ಸಹಿತ ಬರೆಸಬೇಕು. ಬರೆಸದ ಕಲಾಕೃತಿಯನ್ನು ಬೆಂಕಿ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ.

ಮಳೆಗಾಲದಲ್ಲಿ ಹೋಂಸ್ಟೇ ಮುಚ್ಚಿ ಊರಿಗೆ ಹೋಗುವವರೂ ಎಚ್ಚರ. ಕಟ್ಟಡ 30 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದರೆ ರಕ್ಷಣೆ ನಿಲ್ಲುವ ಷರತ್ತು ಬೆಂಕಿ ಪಾಲಿಸಿಗಳಲ್ಲಿ ಇರುತ್ತದೆ. ಮುಚ್ಚುವ ಮುಂಚೆ ಕಂಪನಿಗೆ ಬರೆದು ಒಪ್ಪಿಗೆ ಪಡೆಯಿರಿ.

ಮೊತ್ತ: ಹೆಚ್ಚಿನವರು ಸೋಲುವುದು ಇಲ್ಲಿ

ಪ್ರೀಮಿಯಂ ಉಳಿಸಲು ಮೊತ್ತ ಕಡಿಮೆ ಹೇಳುವುದು ದೊಡ್ಡ ತಪ್ಪು. ₹10 ಲಕ್ಷದ ಮಾಲಿಗೆ ₹6 ಲಕ್ಷ ವಿಮೆ ಮಾಡಿಸಿದರೆ ₹6 ಲಕ್ಷದವರೆಗಿನ ನಷ್ಟ ಪೂರ್ತಿ ಸಿಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಹಾಗಿಲ್ಲ.

ನಮ್ಮ ಅಪ್ಪೆಮಿಡಿ ಘಟಕವನ್ನೇ ನೋಡಿ. ಮಿಡಿ ಕೊಯ್ಲು ಬೇಸಿಗೆಯಲ್ಲಿ. ಮೇ ಕೊನೆಗೆ ಶೆಡ್ಡಿನಲ್ಲಿ ಉಪ್ಪು ಹಾಕಿದ ಮಿಡಿ ₹6 ಲಕ್ಷ, ಎಣ್ಣೆ–ಮಸಾಲೆ ₹1 ಲಕ್ಷ, ತಯಾರಾದ ಉಪ್ಪಿನಕಾಯಿ ₹2 ಲಕ್ಷ, ಬಾಟಲಿ–ಲೇಬಲ್ ₹1 ಲಕ್ಷ: ಒಟ್ಟು ₹10 ಲಕ್ಷ. ಪಾಲಿಸಿ ಮಾಡಿಸಿದ್ದು ಹಿಂದಿನ ನವೆಂಬರಿನಲ್ಲಿ, ಆಗ ಇದ್ದ ಮಾಲಿನ ಲೆಕ್ಕದಲ್ಲಿ ₹6 ಲಕ್ಷಕ್ಕೆ. ಜುಲೈಯಲ್ಲಿ ಧರೆ ಜಾರಿ ₹3 ಲಕ್ಷದ ಮಾಲು ಹೋಯಿತು. ಕಂಪನಿಯ ಲೆಕ್ಕ: ಇರಬೇಕಾದ್ದು 10, ಇದ್ದದ್ದು 6, ಆದ್ದರಿಂದ ನಷ್ಟದ ಹತ್ತರಲ್ಲಿ ಆರು ಪಾಲು, ಅಂದರೆ ₹1.80 ಲಕ್ಷ. ಅದರಲ್ಲೂ ಪಾಲಿಸಿಯಲ್ಲಿ ಬರೆದ ನಿಮ್ಮ ಪಾಲಿನ ಕಡಿತ ಹೋಗುತ್ತದೆ. ಉಳಿದದ್ದು ನಿಮ್ಮ ತಲೆಯ ಮೇಲೆ.

ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಇದೆ. ಇದೇ ಘಟಕ ₹8.5 ಲಕ್ಷಕ್ಕೆ ಮಾಡಿಸಿದ್ದರೆ ಈ ರೀತಿಯ ಕಡಿತ ಇರುತ್ತಿರಲಿಲ್ಲ. ಆದ್ದರಿಂದ ವರ್ಷದಲ್ಲಿ ಮಾಲು ಅತಿ ಹೆಚ್ಚು ತುಂಬಿರುವ ದಿನದ ಲೆಕ್ಕ ಹಿಡಿಯಿರಿ. ವರ್ಷಪೂರ್ತಿ ಅಷ್ಟು ಮೊತ್ತ ಹೊರೆ ಎನಿಸಿದರೆ ಮಾಲು ತುಂಬುವ ತಿಂಗಳಿಗೆ ಮುಂಚೆ ಪತ್ರ ಬರೆದು, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಮೊತ್ತ ಏರಿಸಿಕೊಳ್ಳಿ. ಮಲೆನಾಡಿನಲ್ಲಿ ಮಾಲು ತುಂಬುವ ಹೊತ್ತಿಗೇ ಮಳೆ ಶುರುವಾಗುವ ಕಸುಬುಗಳು ಬಹಳ. ಅಡಿಕೆ ವ್ಯಾಪಾರಿಗೆ ಆ ತಿಂಗಳು ಬೇರೆ, ಕೊಡೆ–ರೈನ್‌ಕೋಟ್ ಅಂಗಡಿಗೆ ಬೇರೆ.

ಲೆಕ್ಕ ಹಾಕುವ ಬೆಲೆ ಯಾವುದು ಎಂಬುದೂ ಮುಖ್ಯ. ಕಟ್ಟಡ ಮತ್ತು ಯಂತ್ರಕ್ಕೆ ಇಂದು ಹೊಸದು ಕಟ್ಟಲು, ಕೊಳ್ಳಲು ಬೇಕಾಗುವ ಹಣ. ಹತ್ತು ವರ್ಷದ ಹಿಂದಿನ ಬಿಲ್ಲಿನ ದರ ಅಲ್ಲ. ಜಾಗದ ಬೆಲೆ ಸೇರಿಸಬೇಡಿ, ಮಣ್ಣು ಸುಡುವುದಿಲ್ಲ. ಮಾಲಿಗೆ ನಿಮಗೆ ಬಿದ್ದ ಖರ್ಚು, ಮಾರುವ ಬೆಲೆ ಅಲ್ಲ. ಬಾಡಿಗೆ ಕಟ್ಟಡವಾದರೆ ಗೋಡೆ–ಮಾಡು ಮಾಲೀಕರದು. ನೀವು ಹಾಕಿಸಿದ ಕಪಾಟು, ಫಾಲ್ಸ್ ಸೀಲಿಂಗ್, ವೈರಿಂಗ್ ನಿಮ್ಮದು, ಅವನ್ನು ಬೇರೆ ಸಾಲಿನಲ್ಲಿ ಬರೆಸಿ. ಜಿಎಸ್‌ಟಿ ನೋಂದಣಿ ಇರುವವರು ತೆರಿಗೆಯ ವಿಷಯವನ್ನು ಲೆಕ್ಕಿಗರೊಂದಿಗೆ ಮಾತಾಡಿಕೊಳ್ಳಿ: ಸುಟ್ಟುಹೋದ ಮಾಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ವಾಪಸು ಕಟ್ಟಬೇಕಾಗುತ್ತದೆ, ಆ ಹಣವೂ ಮೊತ್ತದಲ್ಲಿ ಸೇರಿರಬೇಕು.

ಇದರ ಮೇಲೆ ಏನು ಸೇರಿಸಬೇಕು

ಕಳವು: ಬೀಗ ಮುರಿದು, ಗೋಡೆ ಕೊರೆದು, ಹಂಚು ತೆಗೆದು ಒಳನುಗ್ಗಿದ ಗುರುತು ಇದ್ದರೆ ಮಾತ್ರ ಕಳವು ಪಾಲಿಸಿ ಕೊಡುತ್ತದೆ. ಗಿರಾಕಿ ಚೀಲಕ್ಕೆ ಹಾಕಿಕೊಂಡು ಹೋದದ್ದು, ಕೆಲಸದವರು ಒಯ್ದದ್ದು, ಸ್ಟಾಕ್ ಲೆಕ್ಕ ಹಾಕುವಾಗ ಕಡಿಮೆ ಬಂದದ್ದು ಇದರಲ್ಲಿಲ್ಲ. ನಗದು ಇಟ್ಟುಕೊಳ್ಳುವವರು ಹಣದ ವಿಮೆ ಸೇರಿಸಿದರೂ ರಾತ್ರಿ ಹಣ ಬೀಗ ಹಾಕಿದ ತಿಜೋರಿಯಲ್ಲಿರಬೇಕು ಎಂಬ ಷರತ್ತನ್ನು ಓದಿರಿ, ಗಲ್ಲಾಪೆಟ್ಟಿಗೆ ತಿಜೋರಿಯಲ್ಲ.

ಕೆಲಸದವರು: ಒಬ್ಬರೇ ಒಬ್ಬರು ಕೂಲಿಯವರಿದ್ದರೂ ಕೆಲಸದಲ್ಲಿ ಆದ ಅಪಘಾತಕ್ಕೆ ಪರಿಹಾರದ ಹೊಣೆ ಧಣಿಯದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕಾಲದಿಂದಲೂ ಈ ಹೊಣೆ ಇದೆ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಅಂಕಿ 207.98. ಕೂಲಿ ₹15,000 ಎಂದಿಟ್ಟರೆ ₹7,500 × 207.98, ಹೆಚ್ಚುಕಡಿಮೆ ₹15.6 ಲಕ್ಷ. ಕೊನೆ ಕೊಯ್ಲಿನ ಗುತ್ತಿಗೆ ಹಿಡಿದು ಕೊನೆಗೌಡರನ್ನು ಮರ ಹತ್ತಿಸುವವರು, ಬೋರ್ಡೋ ಸಿಂಪಡಣೆಯ ತಂಡ ಇಟ್ಟವರು, ಮರದ ಮಿಲ್ಲಿನವರು ಈ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇದಕ್ಕಿರುವುದು ಕಾರ್ಮಿಕರ ಪರಿಹಾರ ಪಾಲಿಸಿ. ಅದರಲ್ಲಿ ಎಷ್ಟು ಜನ, ಎಷ್ಟು ಕೂಲಿ, ಏನು ಕೆಲಸ ಎಂದು ನಿಜವಾಗಿ ಬರೆಸಿ. ‘ತೋಟದ ಕೆಲಸ’ ಎಂದಷ್ಟೇ ಇದ್ದು ಬಿದ್ದವನು ಅಡಿಕೆ ಮರದಿಂದ ಬಿದ್ದಿದ್ದರೆ ತಕರಾರು ಏಳುತ್ತದೆ. ‘ಮರ ಹತ್ತಿ ಕೊನೆ ಇಳಿಸುವುದು’ ಎಂದೇ ಇರಲಿ. ಗುಂಪು ಅಪಘಾತ ವಿಮೆ ಒಳ್ಳೆಯದು, ಆದರೆ ಅದು ಕಾನೂನಿನ ಈ ಹೊಣೆಯನ್ನು ತೀರಿಸುವುದಿಲ್ಲ.

ವಾಹನ: ಥರ್ಡ್ ಪಾರ್ಟಿ ವಿಮೆ 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಪ್ರವಾಸಿಗರನ್ನು ಕೊಡಚಾದ್ರಿ, ಜೋಗಕ್ಕೆ ಕರೆದೊಯ್ದರೆ ನಿಮ್ಮ ಗಾಡಿಯ ಡ್ಯಾಮೇಜಿಗೆ ಹಣ ಬಾರದು. ನಮ್ಮಲ್ಲಿ ದಿನಾ ನಡೆಯುವ ಇನ್ನೊಂದು ತಪ್ಪೆಂದರೆ ಪಿಕಪ್‌ನ ಹಿಂದೆ ಹತ್ತಾರು ಆಳುಗಳನ್ನು ನಿಲ್ಲಿಸಿಕೊಂಡು ತೋಟಕ್ಕೆ ಹೋಗುವುದು. ಸರಕು ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರಿಗೆ ಅದರ ಪಾಲಿಸಿಯಲ್ಲಿ ಜಾಗವಿಲ್ಲ. ಗಾಡಿ ಮಗುಚಿದರೆ ಪರಿಹಾರ ಕೊನೆಗೆ ಮಾಲೀಕನ ಆಸ್ತಿಯ ಮೇಲೆ ಬರುತ್ತದೆ. ಗಾಡಿಯಲ್ಲಿರುವ ಮಾಲಿಗೂ ಗಾಡಿಯ ವಿಮೆ ಸಲ್ಲದು, ಅದಕ್ಕೆ ಸಾಗಣೆ ವಿಮೆ ಬೇರೆ.

ಗಿರಾಕಿಗಳು, ಅತಿಥಿಗಳು: ಹೋಂಸ್ಟೇ, ಹೋಟೆಲ್, ಜಿಮ್, ಟ್ಯೂಷನ್ ನಡೆಸುವವರಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಅತಿಥಿ ಜಾರಿ ಸೊಂಟ ಮುರಿದುಕೊಂಡರೆ ಬರುವ ದಾವೆ ಇದರಲ್ಲಿ ಬರುತ್ತದೆ. ಹಳ್ಳದಲ್ಲಿ ಈಜು, ಟ್ರೆಕ್ಕಿಂಗ್, ಜೀಪ್ ಸವಾರಿ ಬಹಳ ಪಾಲಿಸಿಗಳಲ್ಲಿ ಹೊರಗಿರುತ್ತವೆ. ನೀವು ಅವನ್ನು ಏರ್ಪಡಿಸುವವರಾದರೆ ಹೆಸರು ಹೇಳಿ ಸೇರಿಸಿ. ತಿನ್ನುವ ಪದಾರ್ಥ ತಯಾರಿಸಿ ಮಾರುವವರಿಗೆ ಇದರ ಜೊತೆ ಉತ್ಪನ್ನ ಹೊಣೆಗಾರಿಕೆ ಬೇಕು. ಊರಾಚೆಗೆ, ಆನ್‌ಲೈನಿನಲ್ಲಿ ಮಾರಲು ಶುರು ಮಾಡಿದ ದಿನದಿಂದ ಇದನ್ನು ಗಂಭೀರವಾಗಿ ನೋಡಿ. ಎಂಜಿನಿಯರ್, ಲೆಕ್ಕಪರಿಶೋಧಕ, ವೈದ್ಯರಿಗೆ ವೃತ್ತಿಪರ ಹೊಣೆಗಾರಿಕೆ ವಿಮೆ. ದಾವೆ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ಅದು ನಡೆಯುವುದರಿಂದ ಒಂದು ವರ್ಷವೂ ಬಿಡಬಾರದು.

ವ್ಯಾಪಾರ ನಿಂತ ನಷ್ಟಕ್ಕೂ ವಿಮೆ ಇದೆ. ಆದರೆ ಅದು ನಿಮ್ಮ ಕಟ್ಟಡ, ಮಾಲು ಹಾಳಾಗಿ ಆ ಕ್ಲೇಮು ಮಂಜೂರಾದ ಮೇಲೆ ಮಾತ್ರ. ಆಗುಂಬೆ ಘಾಟಿ ಕುಸಿದು ರಸ್ತೆ ಬಂದಾಗಿ ಗಿರಾಕಿ ಬಾರದಿದ್ದರೆ, ನಾಲ್ಕು ದಿನ ಕರೆಂಟು ಇಲ್ಲದಿದ್ದರೆ ಸಿಗದು. ಸರಿಯಾದ ಲೆಕ್ಕಪುಸ್ತಕ ಇಲ್ಲದವರಿಗೆ ಈ ಪಾಲಿಸಿ ಬೇಡ ಎಂದೇ ನಮ್ಮ ಅಭಿಪ್ರಾಯ. ಲಾಭ ಎಷ್ಟಿತ್ತೆಂದು ತೋರಿಸಲಾಗದೆ ಪ್ರೀಮಿಯಂ ವ್ಯರ್ಥವಾಗುತ್ತದೆ.

ದುಡಿಯುವ ಮೈ

ಸ್ವಂತ ಕಸುಬಿನವರಿಗೆ ಸಂಬಳದ ರಜೆ ಇಲ್ಲ. ಮಾಲಿಗಿಂತ ಮೊದಲು ಮೈಗೆ ವಿಮೆ ಬೇಕು. ಬ್ಯಾಂಕ್ ಖಾತೆಯಿಂದಲೇ ಕಡಿಯುವ ಎರಡು ಯೋಜನೆ ಯಾರೂ ಬಿಡಬಾರದು: ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ ₹20, ಅಪಘಾತದ ಸಾವಿಗೆ ₹2 ಲಕ್ಷ, 18ರಿಂದ 70 ವರ್ಷ, ಮತ್ತು ಜೀವನ ಜ್ಯೋತಿ ಬಿಮಾ, ವರ್ಷಕ್ಕೆ ₹436, ಯಾವ ಕಾರಣದ ಸಾವಿಗೂ ₹2 ಲಕ್ಷ, ಸೇರಲು 18ರಿಂದ 50 ವರ್ಷ. ಎರಡಕ್ಕೂ ಜೂನ್ 1ರಿಂದ ಮೇ 31 ಅವಧಿ. ಮೇ ಕೊನೆಯ ವಾರ ಖಾತೆಯಲ್ಲಿ ಹಣ ಇರಲಿ. ಮರದಿಂದ ಬೀಳುವುದು, ಹಾವು ಕಚ್ಚುವುದು ಸುರಕ್ಷಾ ಬಿಮಾದಲ್ಲಿ ಅಪಘಾತವೆಂದೇ ಲೆಕ್ಕ, ಆದರೆ ತಕ್ಷಣದ ಆಸ್ಪತ್ರೆ ದಾಖಲೆ ಬೇಕು. ನಾಟಿ ಔಷಧಿಯವರ ಹತ್ತಿರ ಮಾತ್ರ ಹೋಗಿದ್ದರೆ ಕಾಗದವೇ ಇರುವುದಿಲ್ಲ.

ಇಷ್ಟು ಸಾಲದು. ಮೂರು ತಿಂಗಳು ಕಾಲು ಮುರಿದು ಮಲಗಿದರೆ ವಾರವಾರ ಹಣ ಕೊಡುವ ವೈಯಕ್ತಿಕ ಅಪಘಾತ ಪಾಲಿಸಿಯನ್ನು ಹುಡುಕಿ. ಎಲ್ಲ ಅಪಘಾತ ಪಾಲಿಸಿಯಲ್ಲೂ ಆ ಭಾಗ ಇರುವುದಿಲ್ಲ, ಕೇಳಿ ಸೇರಿಸಬೇಕು. ಆರೋಗ್ಯ ವಿಮೆ ಮಾಡಿಸುವಾಗ ಶಿವಮೊಗ್ಗದ ಆಸ್ಪತ್ರೆಗಳ ಜೊತೆ, ನಮ್ಮವರು ದೊಡ್ಡ ಕಾಯಿಲೆಗೆ ಹೋಗುವ ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳು ನಗದುರಹಿತ ಪಟ್ಟಿಯಲ್ಲಿವೆಯೇ ನೋಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ಜಿಎಸ್‌ಟಿ ಇಲ್ಲ.

ಫಾರ್ಮ್ ತುಂಬುವಾಗ

ಪ್ರಪೋಸಲ್ ಫಾರ್ಮಿಗೆ, ಅಂದರೆ ವಿಮೆಯ ಅರ್ಜಿಗೆ, ಖಾಲಿ ಸಹಿ ಹಾಕಿ ಏಜೆಂಟರ ಕೈಗೆ ಕೊಡಬೇಡಿ. ಇಂಗ್ಲಿಷ್ ಬಾರದಿದ್ದರೆ ಓದಿಸಿ, ಅರ್ಥ ಹೇಳಿಸಿಕೊಂಡು, ತುಂಬಿದ ಫಾರ್ಮಿನ ಪ್ರತಿ ಉಳಿಸಿಕೊಳ್ಳಿ.

ವಿಳಾಸದಲ್ಲಿ ಸರ್ವೆ ನಂಬರ್ ಅಥವಾ ಅಂಗಡಿ ನಂಬರ್, ಹೋಬಳಿ, ಪಿನ್ ಕೋಡ್ ಇರಲಿ. ಮಾಲು ಎರಡು ಕಡೆ ಇಡುವವರು, ಅಂದರೆ ಪೇಟೆಯಲ್ಲಿ ಅಂಗಡಿ, ಊರಲ್ಲಿ ಗೋದಾಮು ಇರುವವರು, ಎರಡೂ ವಿಳಾಸ ಬರೆಸಿ, ಮಾಲು ಅತ್ತಿತ್ತ ಓಡಾಡುವುದಾದರೆ ಎರಡೂ ಜಾಗಕ್ಕೆ ಒಂದೇ ಮೊತ್ತ ಹಿಡಿಯುವ ಫ್ಲೋಟರ್ ಕೇಳಿ. ಕಸುಬನ್ನು ಪೂರ್ತಿ ಹೇಳಿ. ಕಿರಾಣಿಯ ಜೊತೆ ಪೆಟ್ರೋಲು ಬಾಟಲಿ, ಪಟಾಕಿ, ಗ್ಯಾಸ್ ಸಿಲಿಂಡರ್ ಮಾರುವುದನ್ನು ಮುಚ್ಚಿಟ್ಟರೆ ಅದೇ ಉರುಳು. ಶೆಡ್ಡಿನ ಮುಂದೆ ಸೋಗೆ ಚಪ್ಪರ, ಪ್ಲಾಸ್ಟಿಕ್ ಹೊದಿಕೆ, ಬಿದಿರು ತಟ್ಟಿ ಇದ್ದರೆ ವಿಮೆಯ ಭಾಷೆಯಲ್ಲಿ ಅದು ಕಚ್ಚಾ ಕಟ್ಟಡ. ಹೇಳಿದರೆ ಪ್ರೀಮಿಯಂ ತುಸು ಏರುತ್ತದೆ, ಹೇಳದಿದ್ದರೆ ಕ್ಲೇಮು ಹೋಗುತ್ತದೆ. ಹಿಂದಿನ ನೆರೆ, ಹಿಂದಿನ ಕ್ಲೇಮು ಕೇಳಿದರೆ ನಿಜ ಬರೆಯಿರಿ.

ಹಣವನ್ನು ಕಂಪನಿಯ ಹೆಸರಿಗೇ ಕಟ್ಟಿ, ಏಜೆಂಟರ ಫೋನ್‌ಪೇಗೆ ಅಲ್ಲ. ಕಾನೂನಿನಂತೆ ಪ್ರೀಮಿಯಂ ಕಂಪನಿಗೆ ಮುಟ್ಟುವ ತನಕ ಹೊಣೆ ಶುರುವಾಗುವುದಿಲ್ಲ. ಚೆಕ್ ಬೌನ್ಸಾದರೆ ಪಾಲಿಸಿ ಇಲ್ಲವೆಂದೇ ಅರ್ಥ. ಪಾಲಿಸಿ ಬಂದ ದಿನ ಆ ಐದು ಸಂಗತಿಯ ಮೇಲೆ ಬೆರಳಿಟ್ಟು ಓದಿ. ತಪ್ಪಿದ್ದರೆ ಅದೇ ವಾರ ಇಮೇಲ್ ಮಾಡಿ.

ಆಮೇಲೆ ಕಾಗದಗಳನ್ನು ಕಸುಬಿನ ಜಾಗದಲ್ಲೇ ಇಡಬೇಡಿ. ಖರೀದಿ ಬಿಲ್ಲು, ಸ್ಟಾಕ್ ಪುಸ್ತಕ, ಯಂತ್ರದ ಬಿಲ್ಲುಗಳ ಫೋಟೊ ತೆಗೆದು ಫೋನಿನಾಚೆ ಒಂದು ಕಡೆ, ಇಮೇಲಿನಲ್ಲೋ ಗೂಗಲ್ ಡ್ರೈವಿನಲ್ಲೋ ಹಾಕಿ. ತಿಂಗಳಿಗೊಮ್ಮೆ ಕಪಾಟುಗಳನ್ನು ಎರಡು ನಿಮಿಷ ವಿಡಿಯೊ ಮಾಡಿಟ್ಟುಕೊಂಡರೆ ಮಾಲು ಅಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಸುಲಭ ಸಾಕ್ಷಿ ಇಲ್ಲ.

ನಷ್ಟವಾದ ದಿನ

ಮೊದಲು ಜೀವ, ಆಮೇಲೆ ಮೇನ್ ಸ್ವಿಚ್ಚು. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಬೇಕಾಗುತ್ತದೆ, ಕಳವಾದರೆ ಎಫ್‌ಐಆರ್. ಅದೇ ದಿನ ಕಂಪನಿಗೆ ಫೋನ್ ಮಾಡಿ ಕ್ಲೇಮು ನಂಬರ್ ಪಡೆದು, ಅದನ್ನೇ ಇಮೇಲಿನಲ್ಲೂ ಬರೆಯಿರಿ. ಏಜೆಂಟರಿಗೆ ಹೇಳಿದ್ದು ಕಂಪನಿಗೆ ಹೇಳಿದಂತಲ್ಲ.

ನೆರೆ ಇಳಿದ ಕೂಡಲೇ ತೊಳೆದು ಗುಡಿಸಿ ಹಾಳಾದದ್ದನ್ನು ಹೊಳೆಗೆ ಎಸೆಯುವುದು ನಮ್ಮ ಸಹಜ ಬುದ್ಧಿ. ತಡೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣುವಂತೆ, ಪಕ್ಕದಲ್ಲಿ ಟೇಪು ಹಿಡಿದು ಫೋಟೊ ತೆಗೆಯಿರಿ. ಮಾಲನ್ನು ಮೂರು ರಾಶಿ ಮಾಡಿ: ಪೂರ್ತಿ ಹೋದದ್ದು, ಅರ್ಧ ಬೆಲೆಗೆ ಹೋಗುವುದು, ಚೆನ್ನಾಗಿರುವುದು. ಒಣ ಮಾಲನ್ನು ಎತ್ತಿ ಬೇರೆಡೆ ಇಡುವುದು ನಿಮ್ಮ ಕರ್ತವ್ಯವೇ. ಇನ್ನಷ್ಟು ಹಾಳಾಗಲು ಬಿಟ್ಟರೆ ಆ ಭಾಗ ಕಡಿತವಾಗುತ್ತದೆ. ಕೊಳೆತು ನಾರುವುದನ್ನು ಎಸೆಯಲೇಬೇಕಾದರೆ ಎಣಿಸಿ, ವಿಡಿಯೊ ಮಾಡಿ, ಸರ್ವೇಯರ್‌ಗೆ ತಿಳಿಸಿ ಎಸೆಯಿರಿ. ಗ್ರಾಮ ಆಡಳಿತಾಧಿಕಾರಿಯಿಂದ ಸ್ಥಳ ಮಹಜರು ಮಾಡಿಸಿ. ಮಳೆ ಎಷ್ಟಾಯಿತು ಎಂಬ ತಕರಾರು ಬಂದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಲೆಕ್ಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸಿಗುತ್ತದೆ.

ವಿಮಾ ಪ್ರಾಧಿಕಾರದ 2024ರ ನಿಯಮದಂತೆ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಸರ್ವೇಯರ್ ಕೇಳಿದ ಕಾಗದಗಳನ್ನು ಪಟ್ಟಿ ಮಾಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ನಷ್ಟದ ಪಟ್ಟಿಯನ್ನು ಬಿಲ್ಲಿನ ಆಧಾರದಲ್ಲಿ ನೀವೇ ತಯಾರಿಸಿ. ಉಬ್ಬಿಸಿ ಬರೆದ ಒಂದು ಸಾಲು ಉಳಿದ ನಿಜದ ಸಾಲುಗಳನ್ನೂ ಕೆಡಿಸುತ್ತದೆ. ಕಡಿಮೆ ಹಣಕ್ಕೆ ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರ್ ಮುಂದಿಟ್ಟರೆ, ಒಪ್ಪಿಗೆ ಇಲ್ಲದಿದ್ದರೆ ಆಕ್ಷೇಪವನ್ನು ಬರಹದಲ್ಲಿ ಕೊಟ್ಟೇ ಮುಂದುವರಿಯಿರಿ.

ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನಲ್ಲಿರುವ, ವಿಮೆಯ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಬ್ಬರೇ ಮಾಲೀಕರ ಕಸುಬು ಮತ್ತು ಸೂಕ್ಷ್ಮ ಉದ್ಯಮದ ಪಾಲಿಸಿಗಳು ಅಲ್ಲಿ ನಡೆಯುತ್ತವೆ, ₹50 ಲಕ್ಷದವರೆಗೆ. ಶುಲ್ಕವಿಲ್ಲ, ವಕೀಲರೂ ಬೇಡ. ಉದ್ಯಮ್ ನೋಂದಣಿ ಪತ್ರ ಇದ್ದರೆ ನೀವು ಸೂಕ್ಷ್ಮ ಉದ್ಯಮ ಎಂದು ತೋರಿಸುವುದು ಸುಲಭ. ತಿರಸ್ಕಾರದ ಪತ್ರದ ದಿನಾಂಕದಿಂದ ಒಂದು ವರ್ಷದೊಳಗೆ ಹಾಕಬೇಕು. ಆ ದಾರಿ ಬೇಡವೆಂದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವು. ಒಂದೇ ದೂರನ್ನು ಎರಡೂ ಕಡೆ ಒಟ್ಟಿಗೆ ನಡೆಸಲಾಗದು, ಆದ್ದರಿಂದ ಮೊದಲು ಒಂಬುಡ್ಸ್‌ಮನ್, ಅಲ್ಲಿ ಆಗದಿದ್ದರೆ ಆಯೋಗ.